ಲಂಬಕೋನ ತ್ರಿಭುಜದಲ್ಲಿ ಕೋನ ನಿರ್ಣಯ

ಲಂಬಕೋನ ತ್ರಿಭುಜದಲ್ಲಿ ಕೋನ ನಿರ್ಣಯ ಎಂಬುದು ತ್ರಿಭುಜದ ಯಾವುದಾದರೂ ಎರಡು ಬಾಹುಗಳ ಉದ್ದ ತಿಳಿದಿರುವಾಗ, ತ್ರಿಕೋನಮಿತಿಯ ಅನುಪಾತಗಳ ನೆರವಿನಿಂದ ಅದರ ಲಘುಕೋನಗಳನ್ನು ಲೆಕ್ಕಹಾಕುವ ವಿಧಾನವಾಗಿದೆ. ಕೋನಮಾಪಕವನ್ನು ಇಡಲು ಸಾಧ್ಯವಿಲ್ಲದ ಸಂದರ್ಭಗಳಲ್ಲಿ, ಅಂದರೆ ಮನೆಯ ಮಾಡಿನ ಇಳಿಜಾರು, ರಸ್ತೆ ಅಥವಾ ರೈಲುಮಾರ್ಗದ ಏರು, ಆಕಾಶದಲ್ಲಿ ಸೂರ್ಯನ ಎತ್ತರ ಮೊದಲಾದವುಗಳಲ್ಲಿ, ಉದ್ದಗಳನ್ನು ಅಳೆದು ಕೋನವನ್ನು ಪಡೆಯಲು ಈ ವಿಧಾನವನ್ನು ಬಳಸಲಾಗುತ್ತದೆ. ಕರ್ನಾಟಕದಲ್ಲಿ ತ್ರಿಕೋನಮಿತಿಯ ಅನುಪಾತಗಳನ್ನು ಹತ್ತನೆಯ ತರಗತಿಯ ಗಣಿತ ಪಠ್ಯದಲ್ಲಿ ಪರಿಚಯಿಸಲಾಗುತ್ತದೆ.

ಪರಿಭಾಷೆ

ಒಂದು ಕೋನ 90° ಇರುವ ತ್ರಿಭುಜವನ್ನು ಲಂಬಕೋನ ತ್ರಿಭುಜ ಎನ್ನುತ್ತಾರೆ. ಲಂಬಕೋನಕ್ಕೆ ಎದುರಾಗಿರುವ, ಎಲ್ಲಕ್ಕಿಂತ ಉದ್ದವಾದ ಬಾಹು ವಿಕರ್ಣ. ಉಳಿದ ಎರಡು ಕೋನಗಳು ಲಘುಕೋನಗಳು. ಅವುಗಳ ಮೊತ್ತ ಸದಾ 90°. ಆದುದರಿಂದ ಒಂದು ಲಘುಕೋನ ತಿಳಿದರೆ ಇನ್ನೊಂದು ತಾನಾಗಿಯೇ ತಿಳಿಯುತ್ತದೆ.

ಅಬಕ ಎಂಬ ತ್ರಿಭುಜದಲ್ಲಿ ಬ ಶೃಂಗದಲ್ಲಿ ಲಂಬಕೋನವಿದೆ ಎಂದಿಟ್ಟುಕೊಂಡರೆ, ಅಕ ವಿಕರ್ಣವಾಗುತ್ತದೆ. ಅ ಶೃಂಗದ ಕೋನವನ್ನು ಪರಿಗಣಿಸಿದಾಗ ಅದಕ್ಕೆ ಎದುರಾಗಿರುವ ಬಕ ಅಭಿಮುಖ ಬಾಹು. ಅದಕ್ಕೆ ತಾಗಿರುವ ಅಬ ಪಾರ್ಶ್ವ ಬಾಹು. ಕ ಶೃಂಗದ ಕೋನವನ್ನು ಪರಿಗಣಿಸಿದರೆ ಈ ಹೆಸರುಗಳು ಅದಲುಬದಲಾಗುತ್ತವೆ. ಅಭಿಮುಖ ಮತ್ತು ಪಾರ್ಶ್ವ ಎಂಬವು ಬಾಹುವಿನ ಸ್ಥಿರ ಗುಣಗಳಲ್ಲ, ಆರಿಸಿಕೊಂಡ ಕೋನವನ್ನು ಅವಲಂಬಿಸಿದವು. ವಿಕರ್ಣ ಮಾತ್ರ ಬದಲಾಗುವುದಿಲ್ಲ.

ಅನುಪಾತಗಳು

ಒಂದು ಲಘುಕೋನ ಸಮಾನವಾಗಿರುವ ಎಲ್ಲ ಲಂಬಕೋನ ತ್ರಿಭುಜಗಳೂ ಸಮರೂಪವಾಗಿರುತ್ತವೆ. ತ್ರಿಭುಜ ಚಿಕ್ಕದಿರಲಿ ದೊಡ್ಡದಿರಲಿ, ಅವುಗಳ ಅನುರೂಪ ಬಾಹುಗಳ ಅನುಪಾತ ಒಂದೇ. ಹೀಗಾಗಿ ಈ ಅನುಪಾತಗಳು ಕೋನವೊಂದನ್ನೇ ಅವಲಂಬಿಸಿವೆ. ಮುಖ್ಯವಾದ ಮೂರು ಅನುಪಾತಗಳು ಇವು:

ಸೈನ್ = ಅಭಿಮುಖ ಬಾಹು ÷ ವಿಕರ್ಣ
ಕೊಸೈನ್ = ಪಾರ್ಶ್ವ ಬಾಹು ÷ ವಿಕರ್ಣ
ಟ್ಯಾಂಜೆಂಟ್ = ಅಭಿಮುಖ ಬಾಹು ÷ ಪಾರ್ಶ್ವ ಬಾಹು

ಇವುಗಳ ವ್ಯುತ್ಕ್ರಮಗಳನ್ನು ಅನುಕ್ರಮವಾಗಿ ಕೊಸೆಕೆಂಟ್, ಸೀಕೆಂಟ್ ಮತ್ತು ಕೋಟ್ಯಾಂಜೆಂಟ್ ಎಂದು ಕರೆಯುತ್ತಾರೆ.

ಕೋನವು 0°ಯಿಂದ 90°ಗೆ ಹೆಚ್ಚುತ್ತ ಹೋದಂತೆ ಸೈನ್ ಬೆಲೆ 0ಯಿಂದ 1ಕ್ಕೆ ಏರುತ್ತದೆ. ಕೊಸೈನ್ 1ರಿಂದ 0ಗೆ ಇಳಿಯುತ್ತದೆ. ಟ್ಯಾಂಜೆಂಟ್ 0ಯಿಂದ ಆರಂಭಿಸಿ ಮಿತಿಯಿಲ್ಲದೆ ಬೆಳೆಯುತ್ತದೆ. ಈ ವ್ಯಾಪ್ತಿಯಲ್ಲಿ ಯಾವ ಬೆಲೆಯೂ ಎರಡು ಬಾರಿ ಬರುವುದಿಲ್ಲ. ಅನುಪಾತದಿಂದ ಕೋನಕ್ಕೆ ಮರಳಲು ಸಾಧ್ಯವಾಗುವುದು ಈ ಕಾರಣದಿಂದಲೇ.

ಕೋನವನ್ನು ಕಂಡುಹಿಡಿಯುವ ಕ್ರಮ

1. ಬೇಕಾದ ಕೋನವನ್ನು ಗುರುತಿಸಿ, ತಿಳಿದಿರುವ ಎರಡು ಬಾಹುಗಳು ಆ ಕೋನಕ್ಕೆ ಸಂಬಂಧಿಸಿದಂತೆ ಅಭಿಮುಖವೋ, ಪಾರ್ಶ್ವವೋ, ವಿಕರ್ಣವೋ ಎಂಬುದನ್ನು ನಿರ್ಧರಿಸಬೇಕು.
2. ಆ ಎರಡು ಬಾಹುಗಳನ್ನು ಒಳಗೊಂಡ ಅನುಪಾತವನ್ನು ಆರಿಸಬೇಕು.
3. ಎರಡೂ ಉದ್ದಗಳನ್ನು ಒಂದೇ ಮಾನಕ್ಕೆ ತಂದು ಭಾಗಿಸಬೇಕು.
4. ದೊರೆತ ಬೆಲೆಗೆ ವಿಲೋಮ ಫಲನವನ್ನು ಅನ್ವಯಿಸಿ ಕೋನವನ್ನು ಪಡೆಯಬೇಕು.

ವಿಲೋಮ ಫಲನಗಳನ್ನು ಸೈನ್⁻¹, ಕೊಸ್⁻¹, ಟ್ಯಾನ್⁻¹ ಎಂದು ಬರೆಯುತ್ತಾರೆ. ಆರ್ಕ್‌ಸೈನ್, ಆರ್ಕ್‌ಕೊಸ್, ಆರ್ಕ್‌ಟ್ಯಾನ್ ಎಂಬ ಹೆಸರುಗಳೂ ಇವೆ. ಟ್ಯಾನ್⁻¹ 0.7 ಎಂದರೆ ಟ್ಯಾಂಜೆಂಟ್ ಬೆಲೆ 0.7 ಆಗಿರುವ ಕೋನ ಎಂದರ್ಥ. ಇಲ್ಲಿರುವ ⁻¹ ಘಾತಸೂಚಿಯಲ್ಲ.

ಕೆಲವು ಕೋನಗಳ ಅನುಪಾತಗಳು ಸಮಬಾಹು ತ್ರಿಭುಜ ಮತ್ತು ಚೌಕಗಳಿಂದ ನೇರವಾಗಿ ದೊರೆಯುತ್ತವೆ:

30°: ಸೈನ್ 1/2, ಕೊಸೈನ್ √3/2, ಟ್ಯಾಂಜೆಂಟ್ 1/√3
45°: ಸೈನ್ 1/√2, ಕೊಸೈನ್ 1/√2, ಟ್ಯಾಂಜೆಂಟ್ 1
60°: ಸೈನ್ √3/2, ಕೊಸೈನ್ 1/2, ಟ್ಯಾಂಜೆಂಟ್ √3

ಲೆಕ್ಕದಲ್ಲಿ ಈ ಬೆಲೆಗಳಲ್ಲಿ ಒಂದು ಬಂದರೆ ಕೋಷ್ಟಕವಾಗಲಿ ಯಂತ್ರವಾಗಲಿ ಬೇಕಿಲ್ಲ. ಉಳಿದ ಹೆಚ್ಚಿನ ಕೋನಗಳು ಪೂರ್ಣಾಂಕದಲ್ಲಿ ಬರುವುದಿಲ್ಲ. ಗೋಡೆಯ ಮೂಲೆಯನ್ನು ಲಂಬವಾಗಿಸಲು ಬಳಸುವ 3, 4, 5 ಅಳತೆಯ ತ್ರಿಭುಜದಲ್ಲಿ ಲಂಬಕೋನ ನಿಖರವಾಗಿದ್ದರೂ ಲಘುಕೋನಗಳು ಸುಮಾರು 36.87° ಮತ್ತು 53.13° ಆಗಿರುತ್ತವೆ.

ಉದಾಹರಣೆಗಳು

ಹೆಂಚಿನ ಮಾಡು

ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ ಬಳಿಕ ಮಂಗಳೂರು ಹೆಂಚು ಕರಾವಳಿಯ ಮನೆಗಳಲ್ಲಿ ವ್ಯಾಪಕವಾಗಿ ಬಳಕೆಗೆ ಬಂತು. ಮಳೆ ಅತಿಯಾಗಿ ಸುರಿಯುವ ದಕ್ಷಿಣ ಕನ್ನಡದಲ್ಲಿ ಮಾಡಿನ ಇಳಿಜಾರು ಮುಖ್ಯವಾದ ವಿಷಯ. ಇಳಿಜಾರು ಕಡಿಮೆಯಾದರೆ ಗಾಳಿಯ ಒತ್ತಡಕ್ಕೆ ನೀರು ಹೆಂಚುಗಳ ಸಂದಿನಿಂದ ಒಳನುಗ್ಗುತ್ತದೆ. ಹೆಚ್ಚಾದರೆ ಮರ ಮತ್ತು ಹೆಂಚುಗಳ ಖರ್ಚು ಏರುತ್ತದೆ.

ಒಂದು ಮನೆಯ ಗೋಡೆಯ ಮಟ್ಟದಿಂದ ಮಾಡಿನ ನೆತ್ತಿಗೆ 2.1 ಮೀ. ಎತ್ತರವಿದ್ದು, ನೆತ್ತಿಯ ನೇರ ಕೆಳಗಿನ ಬಿಂದುವಿನಿಂದ ಗೋಡೆಗೆ 3 ಮೀ. ದೂರವಿದೆ ಎಂದು ಭಾವಿಸೋಣ. ಇಲ್ಲಿ ಎತ್ತರವು ಅಭಿಮುಖ ಬಾಹು, ದೂರವು ಪಾರ್ಶ್ವ ಬಾಹು.

ಟ್ಯಾಂಜೆಂಟ್ = 2.1 ÷ 3 = 0.7
ಕೋನ = ಟ್ಯಾನ್⁻¹ 0.7 ≈ 35°

ಪಕ್ಕಾಸು ವಿಕರ್ಣವಾಗುತ್ತದೆ. ಪೈಥಾಗೊರಸ್ ಪ್ರಮೇಯದಂತೆ ಅದರ ಉದ್ದ √(9 + 4.41) ≈ 3.66 ಮೀ. (ಗೋಡೆಯಿಂದ ಹೊರಚಾಚುವ ಭಾಗವನ್ನು ಬಿಟ್ಟು). ಪಕ್ಕಾಸು ನೆತ್ತಿಯಲ್ಲಿ ಲಂಬರೇಖೆಯೊಡನೆ 90° − 35° = 55° ಕೋನವನ್ನು ಉಂಟುಮಾಡುತ್ತದೆ; ಎರಡು ಬದಿಯ ಪಕ್ಕಾಸುಗಳು ನಡುವೆ ಬಿರುಕಿಲ್ಲದೆ ಕೂಡಬೇಕಾದರೆ ಅವುಗಳ ತುದಿಯನ್ನು ಈ ಕೋನಕ್ಕೆ ಕೊಯ್ಯಬೇಕಾಗುತ್ತದೆ. ಉತ್ತರವನ್ನು ತಾಳೆ ನೋಡಲು ಸೈನ್ ಅನುಪಾತವನ್ನು ಬಳಸಬಹುದು: 2.1 ÷ 3.66 ≈ 0.574, ಇದು 35°ಯ ಸೈನ್ ಬೆಲೆಗೆ ಹೊಂದುತ್ತದೆ.

ಏಣಿ

ಗೋಡೆಗೆ ಒರಗಿಸಿದ ಏಣಿ ತೀರ ಓರೆಯಾದರೆ ಬುಡ ಜಾರುತ್ತದೆ. ತೀರ ನೇರವಾದರೆ ಹತ್ತಿದವರು ಹಿಂದಕ್ಕೆ ಬೀಳುವ ಅಪಾಯವಿರುತ್ತದೆ. ನಾಲ್ಕು ಪಾಲು ಎತ್ತರಕ್ಕೆ ಒಂದು ಪಾಲು ದೂರ ಎಂಬುದು ಸುರಕ್ಷತೆಯ ಪ್ರಚಲಿತ ನಿಯಮ. ಎತ್ತರ 4 ಮೀ., ಗೋಡೆಯಿಂದ ಬುಡಕ್ಕೆ 1 ಮೀ. ಇದ್ದರೆ, ನೆಲದೊಡನೆ ಏಣಿಯ ಕೋನ ಟ್ಯಾನ್⁻¹ 4 ≈ 76°. ಆದರೆ 4 ಮೀ. ಎಂಬುದು ಗೋಡೆಯ ಎತ್ತರವಾಗಿರದೆ ಏಣಿಯ ಉದ್ದವಾಗಿದ್ದರೆ ಅದು ವಿಕರ್ಣವಾಗುತ್ತದೆ. ಆಗ ಕೊಸೈನ್ ಬಳಸಬೇಕು: ಕೊಸ್⁻¹ (1 ÷ 4) ≈ 75.5°. ಎರಡು ಉತ್ತರಗಳ ನಡುವಿನ ಅಂತರ ಇಲ್ಲಿ ಅಲ್ಪವಾದರೂ ಬಳಸಿದ ಅನುಪಾತಗಳು ಬೇರೆ ಬೇರೆ.

ರೈಲುಮಾರ್ಗದ ಏರು

ಬಂಟ್ವಾಳದ ಮೂಲಕ ಹಾದುಹೋಗುವ ಮಂಗಳೂರು–ಹಾಸನ ರೈಲುಮಾರ್ಗವು ಸುಬ್ರಹ್ಮಣ್ಯ ರಸ್ತೆ ಮತ್ತು ಸಕಲೇಶಪುರ ನಿಲ್ದಾಣಗಳ ನಡುವೆ ಸುಮಾರು 55 ಕಿ.ಮೀ. ಉದ್ದದ ಘಟ್ಟವನ್ನು ಏರುತ್ತದೆ. ಇಲ್ಲಿನ ಏರು 50ಕ್ಕೆ 1. ಅಂದರೆ 50 ಮೀ. ಸಾಗಿದಾಗ 1 ಮೀ. ಎತ್ತರ. ಕೋನ ಟ್ಯಾನ್⁻¹ 0.02 ≈ 1.146°. ಕಣ್ಣಿಗೆ ಸಮತಟ್ಟಾಗಿ ತೋರುವ ಈ ಕೋನ ರೈಲಿಗೆ ಕಡಿದಾದ ಏರು.

50 ಮೀ. ಅನ್ನು ಸಮತಲದ ದೂರವೆಂದು ತಿಳಿದರೆ ಟ್ಯಾಂಜೆಂಟ್, ಹಳಿಯ ಉದ್ದವೆಂದು ತಿಳಿದರೆ ಸೈನ್ ಅನ್ವಯಿಸುತ್ತದೆ. ಆದರೂ ಸೈನ್⁻¹ 0.02 ಕೂಡ 1.146° ಆಗಿಯೇ ಬರುತ್ತದೆ. ಕೋನ ತೀರ ಚಿಕ್ಕದಾದಾಗ ಸೈನ್, ಟ್ಯಾಂಜೆಂಟ್ ಮತ್ತು ರೇಡಿಯನ್‌ನಲ್ಲಿ ಹೇಳಿದ ಕೋನ ಇವು ಮೂರೂ ಬಹುತೇಕ ಸಮಾನ. ಆದ್ದರಿಂದ ಇಂತಹ ಕಡೆ ಅನುಪಾತವನ್ನು 57.3ರಿಂದ ಗುಣಿಸಿದರೆ ಸಾಕು: 0.02 × 57.3 = 1.146. ಗಾಲಿಕುರ್ಚಿಗಾಗಿ ಕಟ್ಟಡಗಳಲ್ಲಿ ನಿರ್ಮಿಸುವ 12ಕ್ಕೆ 1 ಇಳಿಜಾರಿನ ಕೋನವನ್ನೂ ಹೀಗೆಯೇ ಸುಮಾರು 4.8° ಎಂದು ಪಡೆಯಬಹುದು.

ಶಂಕುವಿನ ನೆರಳು ಮತ್ತು ಅಕ್ಷಾಂಶ

ಸಮತಟ್ಟಾದ ನೆಲದಲ್ಲಿ ನೇರವಾಗಿ ನಿಲ್ಲಿಸಿದ ಕೋಲನ್ನು ಭಾರತೀಯ ಜ್ಯೋತಿಶ್ಶಾಸ್ತ್ರ ಗ್ರಂಥಗಳು ಶಂಕು ಎನ್ನುತ್ತವೆ. ಶಂಕು, ಅದರ ನೆರಳು ಮತ್ತು ಸೂರ್ಯಕಿರಣ ಸೇರಿ ಲಂಬಕೋನ ತ್ರಿಭುಜವಾಗುತ್ತದೆ. ಶಂಕುವಿನ ತುದಿಯಲ್ಲಿರುವ ಕೋನವು ಸೂರ್ಯನು ನೆತ್ತಿಯಿಂದ ಎಷ್ಟು ಓರೆಯಾಗಿದ್ದಾನೆ ಎಂಬುದನ್ನು ತಿಳಿಸುತ್ತದೆ. ಹಗಲು ಇರುಳು ಸಮವಾಗಿರುವ ವಿಷುವದಿನದಂದು ಸೂರ್ಯ ಭೂಮಧ್ಯರೇಖೆಯ ನೇರ ಮೇಲಿರುವುದರಿಂದ, ಅಂದಿನ ಮಧ್ಯಾಹ್ನ ಈ ಕೋನವು ಆ ಸ್ಥಳದ ಅಕ್ಷಾಂಶಕ್ಕೆ ಸಮ. ಹಳೆಯ ಗ್ರಂಥಗಳಲ್ಲಿ 12 ಅಂಗುಲದ ಶಂಕುವಿನ ವಿಷುವದಿನದ ಮಧ್ಯಾಹ್ನದ ನೆರಳನ್ನು ಪಲಭಾ ಅಥವಾ ಅಕ್ಷಭಾ ಎಂದು ಕರೆದು, ಊರಿನ ಅಕ್ಷಾಂಶವನ್ನು ಅದರ ಮೂಲಕವೇ ಸೂಚಿಸುತ್ತಿದ್ದರು.

ಬಂಟ್ವಾಳ ತಾಲೂಕಿನಲ್ಲಿ ಫಲ್ಗುಣಿ ನದಿಯ ದಡದಲ್ಲಿರುವ ಪೊಳಲಿಯ ಅಕ್ಷಾಂಶ ಸುಮಾರು 12.9° ಉತ್ತರ. ಅಲ್ಲಿನ ರಾಜರಾಜೇಶ್ವರಿ ದೇವಾಲಯದ ಜಾತ್ರೆ ಮೀನ ಸಂಕ್ರಮಣದ ವೇಳೆಗೆ ಆರಂಭವಾಗಿ ಸುಮಾರು ಒಂದು ತಿಂಗಳು ನಡೆಯುವುದರಿಂದ, ಮಾರ್ಚ್ 20ರ ಸುಮಾರಿಗೆ ಬರುವ ವಿಷುವದಿನವು ಆ ಅವಧಿಯೊಳಗೇ ಬರುತ್ತದೆ. ಅಂದು ಮಧ್ಯಾಹ್ನ 12 ಅಂಗುಲದ ಶಂಕುವಿನ ನೆರಳು ಅಲ್ಲಿ ಸುಮಾರು 2.75 ಅಂಗುಲ ಇರಬೇಕು.

ಟ್ಯಾಂಜೆಂಟ್ = 2.75 ÷ 12 ≈ 0.2292
ಕೋನ = ಟ್ಯಾನ್⁻¹ 0.2292 ≈ 12.9°

ಇಲ್ಲಿ ಮಧ್ಯಾಹ್ನ ಎಂದರೆ ಗಡಿಯಾರದ 12 ಗಂಟೆಯಲ್ಲ. ನೆರಳು ಅತಿ ಚಿಕ್ಕದಾಗಿ ಸರಿಯಾಗಿ ಉತ್ತರಕ್ಕೆ ಬೀಳುವ ಕ್ಷಣ. ಭಾರತೀಯ ಕಾಲಮಾನವು 82.5° ಪೂರ್ವ ರೇಖಾಂಶವನ್ನು ಆಧರಿಸಿದ್ದು, ಪೊಳಲಿ ಸುಮಾರು 75° ಪೂರ್ವದಲ್ಲಿರುವುದರಿಂದ ಅಲ್ಲಿ ಸೂರ್ಯ ಸುಮಾರು 30 ನಿಮಿಷ ತಡವಾಗಿ ಮಧ್ಯಾಹ್ನರೇಖೆಗೆ ಬರುತ್ತಾನೆ. ಮಾರ್ಚ್ ವಿಷುವದ ವೇಳೆ ಸೂರ್ಯನ ಗತಿಯ ವ್ಯತ್ಯಾಸದಿಂದ ಇನ್ನೂ 7 ನಿಮಿಷ ಕೂಡುತ್ತದೆ. ಹಾಗಾಗಿ ಅಳತೆ ಮಾಡಬೇಕಾದ ಹೊತ್ತು ಸುಮಾರು 12 ಗಂಟೆ 37 ನಿಮಿಷ.

ಬೇರೆ ದಿನಗಳಲ್ಲಿ ಸೂರ್ಯನ ಕ್ರಾಂತಿಯನ್ನು ಲೆಕ್ಕಕ್ಕೆ ಸೇರಿಸಬೇಕು. ಡಿಸೆಂಬರ್ ಅಯನದಂದು ಸೂರ್ಯ 23.4° ದಕ್ಷಿಣದಲ್ಲಿರುವುದರಿಂದ ಮಧ್ಯಾಹ್ನ ಅವನು ಪೊಳಲಿಯ ನೆತ್ತಿಯಿಂದ 12.9° + 23.4° = 36.3° ಓರೆಯಾಗಿರುತ್ತಾನೆ; 1 ಮೀ. ಕೋಲಿನ ನೆರಳು ಸುಮಾರು 73 ಸೆಂ.ಮೀ. ಆಗುತ್ತದೆ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ ಕ್ರಾಂತಿಯೂ ಅಕ್ಷಾಂಶವೂ ಸಮವಾಗುವುದರಿಂದ ಮಧ್ಯಾಹ್ನ ಕೋಲಿಗೆ ನೆರಳೇ ಇರುವುದಿಲ್ಲ. ಇದನ್ನು ಶೂನ್ಯ ನೆರಳಿನ ದಿನ ಎನ್ನುತ್ತಾರೆ.

ವಿಲೋಮ ಬೆಲೆಯನ್ನು ಪಡೆಯುವ ಬಗೆಗಳು

ಕೋಷ್ಟಕ: ತ್ರಿಕೋನಮಿತಿಯ ಕೋಷ್ಟಕವನ್ನು ಸಾಮಾನ್ಯವಾಗಿ ಕೋನದಿಂದ ಅನುಪಾತಕ್ಕೆ ಓದುತ್ತಾರೆ, ಕೋನ ನಿರ್ಣಯದಲ್ಲಿ ಅನುಪಾತದಿಂದ ಕೋನಕ್ಕೆ ಹಿಮ್ಮುಖವಾಗಿ ಓದಬೇಕು. ಮೇಲಿನ ಉದಾಹರಣೆಯ 0.2292 ಎಂಬ ಬೆಲೆ 12°ಯ ಟ್ಯಾಂಜೆಂಟ್ 0.2126 ಮತ್ತು 13°ಯ ಟ್ಯಾಂಜೆಂಟ್ 0.2309 ಇವುಗಳ ನಡುವೆ ಬರುತ್ತದೆ. ಎರಡರ ಅಂತರ 0.0183, ಅದರಲ್ಲಿ 0.0166 ಭಾಗ ಕ್ರಮಿಸಿದಂತಾಯಿತು. 0.0166 ÷ 0.0183 ≈ 0.91 ಆದುದರಿಂದ ಕೋನ ಸುಮಾರು 12.91°.

ಶ್ರೇಢಿ: ಟ್ಯಾಂಜೆಂಟ್ ಬೆಲೆ ಟ ಆಗಿದ್ದರೆ, ರೇಡಿಯನ್‌ನಲ್ಲಿ ಕೋನ = ಟ − ಟ³/3 + ಟ⁵/5 − … ಎಂಬ ಅನಂತ ಶ್ರೇಢಿಯಿಂದ ಕೋನ ದೊರೆಯುತ್ತದೆ. ಟ = 0.2292 ಆದಾಗ ಮೊದಲ ಮೂರು ಪದಗಳು 0.2292 − 0.0040 + 0.0001 = 0.2253, ಇದನ್ನು 57.3ರಿಂದ ಗುಣಿಸಿದರೆ ಸುಮಾರು 12.91°. ಟ ಬೆಲೆ 1ಕ್ಕಿಂತ ಹೆಚ್ಚಿದ್ದರೆ ಈ ಶ್ರೇಢಿ ಕೆಲಸಕ್ಕೆ ಬಾರದು. ಆಗ ಇನ್ನೊಂದು ಲಘುಕೋನವನ್ನು ಲೆಕ್ಕಹಾಕಿ 90°ಯಿಂದ ಕಳೆಯಬೇಕು.

ಕ್ಯಾಲ್ಕುಲೇಟರ್: ವೈಜ್ಞಾನಿಕ ಕ್ಯಾಲ್ಕುಲೇಟರ್‌ನಲ್ಲಿ ಶಿಫ್ಟ್ ಗುಂಡಿಯೊಡನೆ ಆಯಾ ಅನುಪಾತದ ಗುಂಡಿಯನ್ನು ಒತ್ತಿದರೆ ವಿಲೋಮ ಬೆಲೆ ದೊರೆಯುತ್ತದೆ. ಯಂತ್ರವು ಡಿಗ್ರಿ ಕ್ರಮದಲ್ಲಿರಬೇಕು. ರೇಡಿಯನ್ ಕ್ರಮದಲ್ಲಿದ್ದರೆ ಟ್ಯಾನ್⁻¹ 0.7 ಎಂಬುದಕ್ಕೆ 35ರ ಬದಲು 0.61 ಎಂಬ ಉತ್ತರ ಬರುತ್ತದೆ.

ನಿಖರತೆ

ಉದ್ದದ ಅಳತೆಯಲ್ಲಿನ ಅಲ್ಪ ದೋಷ ಕೋನದಲ್ಲಿ ಎಷ್ಟು ದೋಷವಾಗುತ್ತದೆ ಎಂಬುದು ಆರಿಸಿದ ಅನುಪಾತವನ್ನೂ ಕೋನದ ಗಾತ್ರವನ್ನೂ ಅವಲಂಬಿಸಿದೆ. ವಿಷುವದಿನದಂದು 1 ಮೀ. ಕೋಲಿನ ನೆರಳನ್ನು ಅಳೆಯುವಾಗ 1 ಸೆಂ.ಮೀ. ತಪ್ಪಿದರೆ ಕೋನದಲ್ಲಿ ಸುಮಾರು 0.54° ವ್ಯತ್ಯಾಸವಾಗುತ್ತದೆ. ಅಕ್ಷಾಂಶದ 1° ಎಂದರೆ ನೆಲದ ಮೇಲೆ ಸುಮಾರು 111 ಕಿ.ಮೀ. ಆದುದರಿಂದ ಈ ತಪ್ಪು 60 ಕಿ.ಮೀ.ಗೆ ಸಮ, ಪೊಳಲಿಯಲ್ಲಿ ಅಳೆದವರ ಲೆಕ್ಕ ಉಡುಪಿಯನ್ನೂ ದಾಟಿದ ಸ್ಥಳವನ್ನು ತೋರಿಸಬಹುದು. ಸೂರ್ಯಬಿಂಬಕ್ಕೆ ಅಗಲವಿರುವುದರಿಂದ ನೆರಳಿನ ಅಂಚು ಮಸುಕಾಗಿರುವುದೂ ಇಂತಹ ದೋಷಕ್ಕೆ ಕಾರಣ.

90°ಗೆ ಹತ್ತಿರದ ಕೋನಗಳಿಗೆ ಸೈನ್ ಅನುಪಾತ ಸೂಕ್ತವಲ್ಲ. ಸೈನ್⁻¹ 0.998 ಸುಮಾರು 86.4°, ಸೈನ್⁻¹ 0.999 ಸುಮಾರು 87.4°, ಮೂರನೆಯ ದಶಮಾಂಶ ಸ್ಥಾನದ ಒಂದಂಕಿಯ ಬದಲಾವಣೆಗೆ ಕೋನ 1°ಯಷ್ಟು ಸರಿಯುತ್ತದೆ. ಇದೇ ಕಾರಣಕ್ಕೆ ತೀರ ಚಿಕ್ಕ ಕೋನಗಳಿಗೆ ಕೊಸೈನ್ ಸೂಕ್ತವಲ್ಲ. ಅಭಿಮುಖ ಮತ್ತು ಪಾರ್ಶ್ವ ಬಾಹುಗಳೆರಡನ್ನೂ ಅಳೆಯಲು ಸಾಧ್ಯವಿದ್ದರೆ ಟ್ಯಾಂಜೆಂಟ್ ಬಳಸುವುದು ಲೇಸು.

ಕೋನದಿಂದ ಎತ್ತರಕ್ಕೆ

ಇದೇ ಸಂಬಂಧವನ್ನು ತಿರುಗಿಸಿ, ಉನ್ನತ ಕೋನ ಮತ್ತು ದೂರ ತಿಳಿದಿದ್ದರೆ ಎತ್ತರವನ್ನು ಪಡೆಯಬಹುದು. ಏರಿ ಅಳೆಯಲಾಗದ ವಸ್ತುಗಳ ಎತ್ತರದ ಬಗ್ಗೆ ಎಷ್ಟು ಭಿನ್ನಾಭಿಪ್ರಾಯ ಉಂಟಾಗಬಹುದು ಎಂಬುದಕ್ಕೆ ಶ್ರವಣಬೆಳಗೊಳದ ಗೊಮ್ಮಟಮೂರ್ತಿ ನಿದರ್ಶನ. ಅದರ ಎತ್ತರವನ್ನು ಬುಕನನ್ 70 ಅಡಿ 3 ಅಂಗುಲವೆಂದೂ, ಆರ್ಥರ್ ವೆಲ್ಲೆಸ್ಲಿ 60 ಅಡಿ 3 ಅಂಗುಲವೆಂದೂ, ಮೈಸೂರಿನ ಮುಖ್ಯ ಆಯುಕ್ತರಾಗಿದ್ದ ಬೌರಿಂಗ್ 57 ಅಡಿಯೆಂದೂ ದಾಖಲಿಸಿದ್ದಾರೆ. ಇಂದು ಅದನ್ನು ಸುಮಾರು 58 ಅಡಿ ಎಂದು ಪರಿಗಣಿಸಲಾಗುತ್ತದೆ.

ನೆಲದಿಂದ 5 ಅಡಿ ಎತ್ತರದಲ್ಲಿ ಕಣ್ಣಿರುವ ವೀಕ್ಷಕರೊಬ್ಬರು 58 ಅಡಿಯ ಮೂರ್ತಿಯ ಪಾದದ ಮಟ್ಟದಲ್ಲಿಯೇ 100 ಅಡಿ ದೂರ ನಿಂತರೆ, ಉನ್ನತ ಕೋನ ಟ್ಯಾನ್⁻¹ (53 ÷ 100) ≈ 27.9°. ಮೂರ್ತಿ 70 ಅಡಿ ಇದ್ದರೆ ಅದು ಟ್ಯಾನ್⁻¹ (65 ÷ 100) ≈ 33° ಆಗಬೇಕಿತ್ತು. ಅಂದರೆ ಈ ದೂರದಿಂದ ಕೋನವನ್ನು 5°ಯಷ್ಟು ತಪ್ಪಾಗಿ ಅಂದಾಜಿಸಿದರೆ ಎತ್ತರ 12 ಅಡಿಯಷ್ಟು ಹೆಚ್ಚಾಗಿ ತೋರುತ್ತದೆ. ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ 1604ರಲ್ಲಿ ಸ್ಥಾಪಿತವಾದ ಬಾಹುಬಲಿ ಮೂರ್ತಿಗೂ ಇದೇ ಲೆಕ್ಕವನ್ನು ಅನ್ವಯಿಸಬಹುದು. ವೀಕ್ಷಕರ ಕಣ್ಣಿನ ಎತ್ತರವನ್ನು ಮತ್ತೆ ಕೂಡಿಸುವುದನ್ನೂ, ಪೀಠದ ಎತ್ತರವನ್ನು ಕಳೆಯುವುದನ್ನೂ ಮರೆಯಬಾರದು.

ಇತಿಹಾಸ

ಆರ್ಯಭಟನು ಕ್ರಿ.ಶ. 499ರ ತನ್ನ ಗ್ರಂಥದಲ್ಲಿ 3°45′ ಅಂತರದ 24 ಜ್ಯಾ ಬೆಲೆಗಳನ್ನು ಅವುಗಳ ವ್ಯತ್ಯಾಸಗಳ ರೂಪದಲ್ಲಿ ನೀಡಿದ್ದಾನೆ. ಜ್ಯಾ ಎಂದರೆ ಬಿಲ್ಲಿನ ಹೆದೆ. ವೃತ್ತದ ಕಂಸವನ್ನು ಬಿಲ್ಲಿಗೆ ಹೋಲಿಸಿ ಅದನ್ನು ಚಾಪ ಅಥವಾ ಧನು ಎನ್ನುತ್ತಿದ್ದರು. ಚಾಪದಿಂದ ಜ್ಯಾವನ್ನು ಪಡೆಯುವುದು ಸೈನ್ ಫಲನಕ್ಕೂ, ಜ್ಯಾದಿಂದ ಚಾಪವನ್ನು ಪಡೆಯುವುದು ಇಂದಿನ ವಿಲೋಮ ಸೈನ್ ಫಲನಕ್ಕೂ ಸಂವಾದಿ. ಜ್ಯಾದ ಪರ್ಯಾಯ ಪದವಾದ ಜೀವಾ ಅರಬ್ಬಿಯಲ್ಲಿ ಜೀಬ ಆಗಿ, ಮುಂದೆ ಅದನ್ನು ಮಡಿಲು ಎಂಬ ಅರ್ಥದ ಜೈಬ್ ಎಂದು ಓದಿದ್ದರಿಂದ ಲ್ಯಾಟಿನ್‌ನಲ್ಲಿ ಸೈನಸ್ ಎಂದು ಅನುವಾದಗೊಂಡಿತು. ಸೈನ್ ಎಂಬ ಹೆಸರು ಬಂದುದು ಹೀಗೆ.

1114ರಲ್ಲಿ ಜನಿಸಿದ ಎರಡನೆಯ ಭಾಸ್ಕರಾಚಾರ್ಯನು ತನ್ನ ಊರು ಸಹ್ಯಾದ್ರಿ ಪ್ರದೇಶದ ವಿಜ್ಜಡವಿಡ ಎಂದು ಹೇಳಿಕೊಂಡಿದ್ದು, ಅದನ್ನು ವಿಜಯಪುರದೊಡನೆ ಗುರುತಿಸುವವರಿದ್ದಾರೆ. ಅವನ 1150ರ ಸಿದ್ಧಾಂತಶಿರೋಮಣಿಯ ಜ್ಯೋತ್ಪತ್ತಿ ಭಾಗವು ಜ್ಯಾ ಬೆಲೆಗಳನ್ನು ಪಡೆಯುವ ವಿಧಾನಗಳಿಗೆ ಮೀಸಲಾಗಿದೆ. ಮೇಲೆ ಹೇಳಿದ ಟ್ಯಾಂಜೆಂಟ್ ಶ್ರೇಢಿಯನ್ನು ಕೇರಳದ ಸಂಗಮಗ್ರಾಮದ ಮಾಧವನಿಗೆ ಸಲ್ಲಿಸಲಾಗುತ್ತದೆ. 16ನೆಯ ಶತಮಾನದಲ್ಲಿ ಜ್ಯೇಷ್ಠದೇವನು ಮಲಯಾಳದಲ್ಲಿ ರಚಿಸಿದ ಯುಕ್ತಿಭಾಷೆಯಲ್ಲಿ ಅದರ ಉಪಪತ್ತಿ ಇದೆ.

ಶ್ರೀರಂಗಪಟ್ಟಣದ ಪತನದ ನಂತರ ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದರಾಸಿನಲ್ಲಿ ಆಧಾರರೇಖೆಯನ್ನು ಅಳೆದು, 1804ರಲ್ಲಿ ಬೆಂಗಳೂರಿನಲ್ಲಿ ಇನ್ನೊಂದನ್ನು ಅಳೆದು, ತ್ರಿಭುಜಗಳ ಸರಣಿಯನ್ನು ಪಶ್ಚಿಮ ಕರಾವಳಿಯ ಮಂಗಳೂರಿನವರೆಗೆ ಒಯ್ದನು. ಸುಮಾರು ಅರ್ಧ ಟನ್ ತೂಕದ ಥಿಯೊಡೊಲೈಟ್‌ನಿಂದ ಬೆಟ್ಟದಿಂದ ಬೆಟ್ಟಕ್ಕೆ ಕೋನಗಳನ್ನು ಅಳೆದು ದೂರಗಳನ್ನು ಲೆಕ್ಕಹಾಕಲಾಯಿತು. ಹಳೆಯ ನಕಾಶೆಗಳಲ್ಲಿ ಸುಮಾರು 400 ಮೈಲಿ ಎಂದಿದ್ದ ಪರ್ಯಾಯ ದ್ವೀಪದ ಅಗಲ ವಾಸ್ತವದಲ್ಲಿ ಸುಮಾರು 360 ಮೈಲಿ ಎಂದು ಇದರಿಂದ ತಿಳಿದುಬಂತು. ಸರ್ವೇಕ್ಷಣೆಯ ತ್ರಿಭುಜಗಳು ಲಂಬಕೋನ ತ್ರಿಭುಜಗಳಲ್ಲದಿದ್ದರೂ, ಅವುಗಳಿಗೆ ಬಳಸುವ ಸೈನ್ ನಿಯಮವು ತ್ರಿಭುಜವನ್ನು ಲಂಬದಿಂದ ಎರಡು ಲಂಬಕೋನ ತ್ರಿಭುಜಗಳಾಗಿ ಒಡೆಯುವುದರಿಂದಲೇ ದೊರೆಯುತ್ತದೆ.

ಸಾಮಾನ್ಯ ತಪ್ಪುಗಳು

ಅಭಿಮುಖ ಮತ್ತು ಪಾರ್ಶ್ವ ಬಾಹುಗಳನ್ನು ಅದಲುಬದಲು ಮಾಡುವುದು. ಇದರಿಂದ ಬೇಕಾದ ಕೋನದ ಬದಲು ಅದರ ಪೂರಕ ಕೋನ ಬರುತ್ತದೆ. ಮಾಡಿನ ಉದಾಹರಣೆಯಲ್ಲಿ 35°ಯ ಬದಲು 55°.

ವಿಲೋಮ ಮತ್ತು ವ್ಯುತ್ಕ್ರಮಗಳನ್ನು ಒಂದೇ ಎಂದು ಭಾವಿಸುವುದು. 0.7ರ ವ್ಯುತ್ಕ್ರಮ 1.43, ಅದು ಕೋನವಲ್ಲ.

ಬಾಹುಗಳನ್ನು ಬೇರೆ ಬೇರೆ ಮಾನಗಳಲ್ಲಿ ಭಾಗಿಸುವುದು. ಅಡಿಯನ್ನು ಅಂಗುಲದಿಂದ ಭಾಗಿಸಿದರೆ ಅನುಪಾತಕ್ಕೆ ಅರ್ಥವಿರುವುದಿಲ್ಲ.

ಲಂಬಕೋನವಿಲ್ಲದ ತ್ರಿಭುಜಕ್ಕೆ ಈ ಅನುಪಾತಗಳನ್ನು ನೇರವಾಗಿ ಅನ್ವಯಿಸುವುದು. ಶಂಕು ಓರೆಯಾಗಿದ್ದರೆ ಅಥವಾ ನೆಲ ಇಳಿಜಾರಾಗಿದ್ದರೆ ಲೆಕ್ಕ ಸರಿಯಿದ್ದರೂ ಉತ್ತರ ತಪ್ಪಾಗುತ್ತದೆ.

ಸೈನ್ ಅಥವಾ ಕೊಸೈನ್ ಬೆಲೆ 1ಕ್ಕಿಂತ ಹೆಚ್ಚು ಬಂದರೂ ಮುಂದುವರಿಯುವುದು. ವಿಕರ್ಣವೇ ಅತಿ ಉದ್ದದ ಬಾಹುವಾದುದರಿಂದ ಇದು ಅಸಾಧ್ಯ. ಬಾಹುಗಳನ್ನು ಗುರುತಿಸುವಲ್ಲಿ ಅಥವಾ ಅಳೆಯುವಲ್ಲಿ ತಪ್ಪಾಗಿದೆ ಎಂಬುದರ ಸೂಚನೆ.

ಇವನ್ನೂ ನೋಡಿ

ತ್ರಿಕೋನಮಿತಿ
ಪೈಥಾಗೊರಸ್ ಪ್ರಮೇಯ
ಸಮರೂಪ ತ್ರಿಭುಜಗಳು
ಅಕ್ಷಾಂಶ
ಮಂಗಳೂರು ಹೆಂಚು
ಪೊಳಲಿ